ಅರಗೋಜನ ಕಪ್ಪು ಕಣ್ಣು

“ಆಮೇಲೇನಾಯ್ತು ಅಂದ್ರೆ,” ಎಂದಳು ಉಮ್ ಸಫ್ವತ್, ಬಾಣಲೆಯಲ್ಲಿ ಕುರಿಯ ಈಲಿಯ ಚೂರುಗಳನ್ನು ಮಗುಚುತ್ತಾ, “ಈ ಅರಗೋಜ ಮದುವೆ ಮನೆ ಬಾಗಿಲಿನ ಕಿಂಡೀಲಿ ಕಣ್ಣಿಟ್ಟು ಮದುಮಗಳನ್ನ ನೋಡ್ತಾ ಇದ್ನಲ್ಲ, ಅವಳ ಸೋದರತ್ತೆಗೆ ಗೊತ್ತಾಗಿಬಿಡ್ತು. ಒಳಗಡೆಯಿಂದ್ಲೇ ಕಾಡಿಗೆ ಕಡ್ಡೀನ ಕಿಂಡಿಗೆ ತೂರಿಸಿದ್ಲು. ಅವತ್ತಿಂದ ಅವನ ಕಣ್ಣು ಕಪ್ಪು, ಹೆಸರೂ ಕಪ್ಪು ಕಣ್ಣು. ತುರ್ಕರ ಮಾತಲ್ಲಿ ಅರಗೋಜ ಅಂದ್ರೆ ಅದೇ ಅಂತೆ. ಜನ ಬಿದ್ದು ಬಿದ್ದು ನಕ್ರು.”

ಹೇಳುತ್ತಾ ಅವಳೂ ನಕ್ಕಳು. ನಗು ಮುಗಿಯುವ ಮೊದಲೇ ಕಣ್ಣು ತುಂಬಿ ಬಂದು, ತೋಳಿನಿಂದ ಮುಖ ಒರೆಸಿಕೊಂಡಳು. ಬೊಂಬೆಯಾಟದ ಪುಣ್ಯಾತ್ಮ ಸಾಯುವ ಮುಂಚೆ ಎಲ್ಲರನ್ನೂ ನಗಿಸಿಯೇ ಹೋದ ಎಂದಳು.

ಇನ್‌ಸ್ಪೆಕ್ಟರ್ ವಗ್ದಿ ಬಿಶಾರಾ ಕೈಯಲ್ಲಿದ್ದ ರೊಟ್ಟಿಯನ್ನು ಬಾಯಿಗಿಡಲಿಲ್ಲ. ಈಲಿಯ ಎಣ್ಣೆ ಬೆರಳಿನಿಂದ ಮಣಿಕಟ್ಟಿಗೆ ಇಳಿಯುತ್ತಿದ್ದುದೂ ಅವನ ಗಮನಕ್ಕೆ ಬರಲಿಲ್ಲ.

“ಇದನ್ನ ನೀನು ನಿನ್ನ ಕಿವಿಯಾರೆ ಕೇಳಿದ್ಯಾ, ಇಲ್ಲಾ ಯಾರೋ ಹೇಳಿದ್ದಾ?”

“ಅಯ್ಯೋ, ನನ್ನ ಗಾಡಿ ಇಲ್ಲೇ ನಿಂತಿತ್ತಲ್ಲ ಪಾಷಾ. ಒಳಗಿಂದ ಬೊಂಬೆ ಕೀಚು ಕೀಚು ಅಂತಿತ್ತು, ಹೊರಗಡೆ ನಿಂತವನು ಅದನ್ನೇ ಬಿಡಿಸಿ ಹೇಳ್ತಿದ್ದ. ಎರಡೆರಡು ಸಲ ಕೇಳಿಸ್ಕೊಂಡೆ. ನಾನು ತಂತಾ ಊರಿನವಳು. ನಮ್ಮ ಕಡೆ ಅರಗೋಜ ಹೆಸರು ಗಿಸರು ಹೇಳ್ತಾ ಕೂರಲ್ಲ, ಬರ್ತಿದ್ದ ಹಾಗೇ ಕೋಲು ತಗೊಂಡು ಹೆಂಡ್ತೀಗೆ ಬಾರಿಸ್ತಾನೆ. ನಿಮ್ಮೂರಿನದು ಚೆನ್ನಾಗಿತ್ತು. ಡೋಲಿನವನಿಗೂ ನಗು ತಡೀಲಿಲ್ಲ ಅಂತ ಕಾಣುತ್ತೆ, ಒಂದಷ್ಟು ಹೊತ್ತು ಡೋಲೇ ನಿಂತುಹೋಗಿತ್ತು.”

ವಗ್ದಿಗೆ ಡೋಲಿನ ಸಮಾಚಾರ ಬೇಕಿರಲಿಲ್ಲ. ಅವನು ರೊಟ್ಟಿಯನ್ನು ಗಾಡಿಯ ಅಂಚಿನ ಮೇಲಿಟ್ಟು ಬಯಲಿನ ಕಡೆ ತಿರುಗಿದ.

ಸೈಯದಾ ಜೈನಬರ ಉರುಸು ಮುಗಿದು, ಬಯಲಿನಲ್ಲಿ ಉಯ್ಯಾಲೆಗಳನ್ನು ಬಿಚ್ಚುತ್ತಿದ್ದರು. ಸಕ್ಕರೆ ಬೊಂಬೆಗಳ ಅಂಗಡಿಯವನು ಮುರಿದ ಕುದುರೆಗಳನ್ನೂ ಕಿವಿ ಹೋದ ರಾಣಿಯರನ್ನೂ ಚೀಲಕ್ಕೆ ಸುರಿಯುತ್ತಿದ್ದ. ನಡುವೆ ಒಂದೇ ಒಂದು ಡೇರೆ ಮಾತ್ರ ಹಾಗೇ ನಿಂತಿತ್ತು. ಪೊಲೀಸರು ಅದನ್ನು ಮುಟ್ಟಬಾರದೆಂದು ಹಗ್ಗ ಕಟ್ಟಿದ್ದರು. ಉರುಸಿನ ಕೊನೆಯ ಸಂಜೆ ಬೊಂಬೆಯಾಟದ ಮುದುಕ ಮಿತ್ವಲ್ಲಿ ಅದರೊಳಗೆ ಹೆಣವಾಗಿ ಸಿಕ್ಕಿದ್ದ. ಅವನ ಮಗಳು ಇನ್ಶಿರಾಹ್ ಠಾಣೆಯಲ್ಲಿದ್ದಳು. ಬೆಳಗಾದರೆ ಅವಳನ್ನು ಸರ್ಕಾರಿ ವಕೀಲರಿಗೆ ಒಪ್ಪಿಸಬೇಕು. ಅಲ್ಲಿಂದ ಮುಂದಿನ ದಾರಿ ನೇಣುಗಂಬದ್ದೇ.

ವಗ್ದಿ ಆ ಹುಡುಗಿಯನ್ನು ತೊಟ್ಟಿಲಲ್ಲಿ ನೋಡಿದವನು. ಮಿತ್ವಲ್ಲಿಯ ಮನೆಯಿರುವ ಓಣಿಯಲ್ಲೇ ಅವನೂ ಬೆಳೆದದ್ದು. ಅವಳು ಅಪ್ಪನನ್ನು ಕೊಂದಳೆಂದರೆ ನಂಬಲು ಅವನ ಮನಸ್ಸು ಸುತಾರಾಂ ಒಪ್ಪಿರಲಿಲ್ಲ. ಮನಸ್ಸು ಒಪ್ಪದಿರುವುದು ಸಾಕ್ಷಿಯಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಈಗ ಸಿಕ್ಕಿದ್ದು ಸಾಕ್ಷಿ.

ಅರಗೋಜ ಎಂಬ ಹೆಸರು ಎಲ್ಲಿಂದ ಬಂತೆಂದು ಕೈರೋದಲ್ಲಿ ಕೇಳಿದರೆ, ಯಾವ ಬೀದಿಯಲ್ಲಿ ನಿಂತು ಕೇಳಿದಿರಿ ಎಂಬುದರ ಮೇಲೆ ಉತ್ತರ. ವಗ್ದಿಯ ತಾಯಿ, ಅದು ನಮ್ಮ ಚರ್ಚಿನ ಹಳೆಯ ಭಾಷೆಯ ಮಾತು, ಮಾತು ಹುಟ್ಟಿಸುವವನು ಅಂತ ಅರ್ಥ, ಮಿಕ್ಕವರದೆಲ್ಲ ಕದ್ದ ಮಾಲು ಎನ್ನುತ್ತಿದ್ದಳು. ನದಿಯಾಚೆಯ ಇಂಬಾಬಾ ಕೇರಿಯವರು ತುರ್ಕರ ಕಪ್ಪು ಕಣ್ಣು ಎನ್ನುವರು. ಮಿತ್ವಲ್ಲಿಯ ಓಣಿಯಲ್ಲಿ ಇವೆರಡನ್ನೂ ಆಡುವಂತಿರಲಿಲ್ಲ. ಅಲ್ಲಿ ಅರಗೋಜನೆಂದರೆ ಹಿಂದಿನ ಕಾಲದ ವಜೀರ ಕರಾಕೂಶ್; ತಲೆಬುಡವಿಲ್ಲದ ತೀರ್ಪು ಕೊಟ್ಟು ಕೊಟ್ಟು ಜನರ ಬಾಯಲ್ಲಿ ಹೆಸರು ಸವೆದು ಬೊಂಬೆಯಾದವನು.

ಬೇರೆಯವರಿಗೆ ಇದು ಹರಟೆ. ಆಟದವರಿಗೆ ಅಲ್ಲ. ಬೊಂಬೆ ಪರದೆಯ ಮೇಲೆ ತಲೆಯೆತ್ತಿದ ಕೂಡಲೇ ಮೊದಲು ತನ್ನ ಹೆಸರು, ಆ ಹೆಸರು ಬಂದ ಕಥೆ ಹೇಳಬೇಕು. ಆ ಕಥೆ ಮನೆತನದ ಸೊತ್ತು. ಗುರುವಿನ ಬಾಯಿಂದ ಶಿಷ್ಯನ ಬಾಯಿಗೆ ಎಲ್ಲಕ್ಕಿಂತ ಮೊದಲು ಬರುವುದೇ ಅದು. ಒಂದು ಮನೆತನದವನು ಇನ್ನೊಂದರ ಕಥೆ ಹೇಳಿದರೆ ಹಲ್ಲು ಉದುರುತ್ತಿತ್ತು. ಹಾಗೆ ಉದುರಿದ್ದನ್ನು ವಗ್ದಿ ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದ್ದ. ಮಿತ್ವಲ್ಲಿಯ ಅರಗೋಜ ಅವನ ಆಯುಷ್ಯವಿಡೀ ಹೇಳಿದ್ದು ಒಂದೇ ಕಥೆ. ಹುಂಜ ಕೂಗಿ ನಿದ್ದೆ ಕೆಡಿಸಿತೆಂದು ದೂರು ಬರುತ್ತದೆ. ಕರಾಕೂಶ್ ಹುಂಜವನ್ನು ಬಿಟ್ಟು, ಬೆಳಗು ಮಾಡಿದ ಸೂರ್ಯನನ್ನು ಹಿಡಿದು ತನ್ನಿ ಎನ್ನುತ್ತಾನೆ.

ಆ ಮುದುಕ ಪ್ರಾಣ ಹೋದರೂ ಕಪ್ಪು ಕಣ್ಣಿನ ಕಥೆ ಹೇಳುವವನಲ್ಲ.

ಹಾಗಾದರೆ ಆ ಸಂಜೆ ಡೇರೆಯೊಳಗೆ ನಿಂತು ಬೊಂಬೆ ಆಡಿಸಿದವನು ಮಿತ್ವಲ್ಲಿಯಲ್ಲ. ಹೊರಗಿನವರಿಗೆ ಒಳಗಿನವನ ಮುಖ ಕಾಣದು. ದನಿಯೂ ತಿಳಿಯದು, ಎರಡು ಹಿತ್ತಾಳೆ ತಗಡಿನ ನಡುವೆ ಪಟ್ಟಿ ಬಿಗಿದು ದಾರ ಸುತ್ತಿದ ಅಮಾನಾ ಎಂಬ ಪೀಪಿಯನ್ನು ನಾಲಿಗೆಯ ಬುಡದಲ್ಲಿಟ್ಟುಕೊಂಡರೆ ಮುದುಕನೂ ಹರೆಯದವನೂ ಒಂದೇ ಕೀಚು ದನಿಯಲ್ಲಿ ಮಾತಾಡುತ್ತಾರೆ. ಆಟ ಮುಗಿಯುವವರೆಗೆ ಮಿತ್ವಲ್ಲಿ ಬದುಕಿದ್ದ, ಆಮೇಲೆ ಟೀ ಹಿಡಿದು ಒಳಗೆ ಹೋದವಳು ಇನ್ಶಿರಾಹ್ ಒಬ್ಬಳೇ, ಆದ್ದರಿಂದ ಕೊಂದವಳೂ ಅವಳೇ ಎಂದು ಪೊಲೀಸರು ಕಟ್ಟಿದ ಗೋಡೆಗೆ ಆಟವೇ ಬುನಾದಿ. ಆ ಬುನಾದಿ ಈಲಿಯ ಗಾಡಿಯ ಮುಂದೆ ಕುಸಿದುಬಿತ್ತು.

ವಗ್ದಿಗೆ ಬಹಳ ದಿನಗಳ ಮೇಲೆ ಎದೆ ಹಗುರಾಯಿತು.

ಠಾಣೆಯ ದೊಡ್ಡ ಸಾಹೇಬರಿಗೆ ಹಗುರಾಗಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು. ಅರಗೋಜ ತುರ್ಕಿ ಪದ, ನಿಘಂಟಿನಲ್ಲಿದೆ, ಮಿಕ್ಕಿದ್ದೆಲ್ಲ ಅಜ್ಜಿಕಥೆ ಎಂದರು. ಮಿತ್ವಲ್ಲಿಯ ಬಾಯಿಗೆ ಅವನದೇ ಅಮಾನಾ ಹಾಕಿ ಬೆರಳಿನಿಂದ ಗಂಟಲಿಗೆ ದೂಡಲಾಗಿದೆ, ಅದಕ್ಕೂ ಮೊದಲು ಉಸಿರು ಕಟ್ಟಿಸಿದ್ದಾರೆ, ದವಡೆಯ ಮೇಲೆ ಬೆರಳಿನ ಗುರುತಿದೆ ಎಂದು ವೈದ್ಯರು ಬರೆದುಕೊಟ್ಟಿದ್ದನ್ನು ನೆನಪಿಸಿದರು. ಹಿಡಿದು ತಂದ ದಿನದಿಂದ ಮಗಳು ತುಟಿ ಬಿಚ್ಚಿಲ್ಲವೆಂಬುದನ್ನೂ ನೆನಪಿಸಿದರು. ನಿರಪರಾಧಿ ಯಾರಾದರೂ ಹಾಗೆ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರೆಯೇ?

“ನಾಳೆ ವಕೀಲರ ಮುಂದೆ ನಿಂತು ಏನಂತೀರಿ ವಗ್ದಿ? ಸ್ವಾಮಿ, ಬೊಂಬೆ ತನ್ನ ಹೆಸರಿನ ಅರ್ಥ ತಪ್ಪು ಹೇಳ್ತು, ಹುಡುಗೀನ ಬಿಟ್ಟುಬಿಡಿ ಅಂತೀರಾ?”

“ಅರ್ಥ ತಪ್ಪಲ್ಲ ಸಾರ್. ಬಾಯಿ ಬೇರೆ.”

“ಹಾಗಾದ್ರೆ ಆ ಬಾಯೀನ ತಂದು ಕೂರಿಸಿ. ಬೆಳಗಿನವರೆಗೆ ನಿಮ್ಮದೇ.”

ಠಾಣೆಯ ಮೆಟ್ಟಿಲಿನ ಮೇಲೆ ಲಬೀಬ್ ಕೂತಿದ್ದ. ಮಿತ್ವಲ್ಲಿಯ ಡೋಲಿನವನು. ತಲೆ ನರೆಯುವಷ್ಟು ಕಾಲ ಅದೇ ಡೇರೆಯ ಪಕ್ಕದಲ್ಲಿ ಕೂತು ಬಾರಿಸಿದವನು. ಶವದ ಹಿಂದೆ ಹೋಗುವಾಗ ಅವನು ಅತ್ತದ್ದನ್ನು ನೋಡಿ ಓಣಿಯ ಹೆಂಗಸರು ಅಳು ಮರೆತಿದ್ದರು. ಅಂದಿನಿಂದ ದಿನವೂ ಇನ್ಶಿರಾಹ್‌ಗೆಂದು ಡಬ್ಬಿಯಲ್ಲಿ ಅಕ್ಕಿ-ಬೇಳೆಯ ಕುಶರಿ ತರುತ್ತಾನೆ, ಅವಳು ಮುಟ್ಟುವುದಿಲ್ಲ, ಪೇದೆಗಳು ತಿನ್ನುತ್ತಾರೆ. ನಾಳೆ ಹುಳಿ ಸ್ವಲ್ಪ ಜಾಸ್ತಿ ಇರಲಿ ಎಂದು ಅವನಿಗೇ ಹೇಳುವ ಮಟ್ಟಕ್ಕೆ ಬಂದಿದ್ದರು.

ವಗ್ದಿ ಅವನ ಹೆಗಲಿನ ಮೇಲೆ ಕೈಯಿಟ್ಟ. ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗದೆ, ಆ ಸಂಜೆ ಒಳಗಿದ್ದವನು ನಿಮ್ಮ ಯಜಮಾನನಲ್ಲ ಎಂದು ಹೇಳಿಯೇಬಿಟ್ಟ. ಲಬೀಬನ ಬೆರಳುಗಳು ಡಬ್ಬಿಯ ಮುಚ್ಚಳದ ಮೇಲೆ ಆಡತೊಡಗಿದವು.

“ಯಾರಂತೆ?”

“ಕಪ್ಪು ಕಣ್ಣಿನ ಕಥೆ ಹೇಳಿದೋರು ಯಾರಿರಬಹುದು, ನೀನೇ ಹೇಳು. ನೀನು ಕೇಳಿಸ್ಕೊಳ್ಲಿಲ್ವಾ?”

“ಡೋಲು ಬಾರಿಸೋನಿಗೆ ಮಾತು ಎಲ್ಲಿ ಕೇಳಿಸುತ್ತೆ ಸಾರ್? ಒಂದು ಗಳಿಗೆ ಕೈ ನಿಲ್ಸಿದ್ರೆ ಯಜಮಾನ್ರು ಬೈಯೋರು.” ಅವನು ಎದ್ದು ನಿಂತ. “ಶಹಾತ ಅಂತೀರಾ? ಇಂಬಾಬಾದ ಬೊಂಬೆಯಾಟದ ಶಹಾತ?”

ವಗ್ದಿ ಇರಬಹುದು ಎಂಬಂತೆ ತಲೆಯಾಡಿಸಿದ. ಲಬೀಬನ ಮುಖದಲ್ಲಿ ಏನೋ ಸಡಿಲವಾದಂತಿತ್ತು. ಪಾಪ, ಇವನಿಗೂ ಹುಡುಗಿಯ ಚಿಂತೆಯೇ ಎಂದುಕೊಂಡು ವಗ್ದಿ ಬೀದಿಗಿಳಿದ.

ಸೆಬಾಈ ಮಿತ್ವಲ್ಲಿಯ ಆಟದ ಹೊರಮಾತಿನವನು. ಒಳಗಿನ ಕೀಚುದನಿಯನ್ನು ಡೇರೆಯ ಮುಂದೆ ನಿಂತು ಜನರಿಗೆ ಬಿಡಿಸಿ ಹೇಳುವುದು, ಬೊಂಬೆಯ ಜೊತೆ ಜಗಳ ಕಾಯುವುದು, ಏಟು ತಿಂದಂತೆ ನಟಿಸುವುದು ಅವನ ಕೆಲಸ. ಊರಿಗೆಲ್ಲ ಕೇಳಿಸುವ ಗಂಟಲಿನ ಮನುಷ್ಯ, ಈಗ ಕಾಫಿ ಅಂಗಡಿಯ ಹಿಂದಿನ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ. ಎದುರಿನ ಟೀ ಆರಿ ಕೆನೆಗಟ್ಟಿತ್ತು. ವಗ್ದಿ ಕುರ್ಚಿ ಎಳೆದುಕೊಂಡು ಕೂತು, ಸಲಾಮು ಸೌಖ್ಯ ಏನೂ ಕೇಳದೆ ನೇರವಾಗಿ ವಿಷಯಕ್ಕೆ ಬಂದ.

“ಅರಗೋಜನಿಗೆ ಆ ಹೆಸರು ಹೇಗೆ ಬಂತು ಸೆಬಾಈ?”

ಸೆಬಾಈ ತಲೆಯೆತ್ತಿದ. ಇಷ್ಟು ವರ್ಷ ಹೇಳಿದ ಬಾಯಿ ತಾನಾಗಿಯೇ ತೆರೆದುಕೊಂಡಿತು. “ಕರಾಕೂಶ್ ವಜೀರ ಸೂರ್ಯನಿಗೆ ಬೇಡಿ ಹಾಕಿಸೋಕೆ ಹೋದ್ನಲ್ಲ, ಅವತ್ತು…”

“ಉರುಸಿನ ಕೊನೇ ಸಂಜೆ?”

“ಅವತ್ತೂ ಅದೇ.”

“ಕಾಡಿಗೆ ಕಡ್ಡಿ ಎಲ್ಲಿಂದ ಬಂತು ಹಾಗಾದ್ರೆ?”

ಸೆಬಾಈ ಟೀ ಲೋಟವನ್ನು ಕೈಗೆ ತೆಗೆದುಕೊಂಡ. ಕುಡಿಯದೆ ಮತ್ತೆ ಕೆಳಗಿಟ್ಟ. ಜನ ಏನೇನೋ ಹೇಳುತ್ತಾರೆ, ಉರುಸಿನಲ್ಲಿ ಬೊಂಬೆಯಾಟ ಒಂದೇ ಇರುತ್ತದೆಯೇ, ಯಾರದೋ ಆಟ ನೋಡಿ ಯಾರದೋ ಎಂದಿರಬೇಕು ಎಂದು ಗೊಣಗಿದ. ಅವನ ಗೊಣಗಾಟ ಮುಗಿಯುವವರೆಗೆ ವಗ್ದಿ ಕಾದ.

“ಲೋಟ ನೋಡಿದ್ಕೂಡ್ಲೇ ಜ್ಞಾಪಕ ಬಂತು. ಆಟ ಮುಗಿದ ಮೇಲೆ ಇನ್ಶಿರಾಹ್ ಟೀ ತಗೊಂಡು ಒಳಗೆ ಹೋದ್ಲು, ಆಮೇಲೆ ಕಿರುಚಿದ್ಲು ಅಂತ ಹೇಳಿಕೆ ಕೊಟ್ಟವನು ನೀನು. ನಾನು ಆ ಡೇರೆಯ ಮಣ್ಣನ್ನೆಲ್ಲ ಜರಡಿ ಹಿಡಿದೆ. ಬೊಂಬೆಗಳಿದ್ವು, ಚೀಲ ಇತ್ತು, ಅಪ್ಪನ ಚಪ್ಪಲಿ ಇತ್ತು. ಲೋಟ ಇರ್ಲಿಲ್ಲ. ಟೀ ಚೆಲ್ಲಿದ ಗುರುತೂ ಇರ್ಲಿಲ್ಲ. ಅಪ್ಪ ಸತ್ತು ಬಿದ್ದಿದ್ದನ್ನ ನೋಡಿದವಳು ಲೋಟಾನ ತೊಳೆದು ಒಳಗಿಟ್ಟು ಬಂದು ಕಿರುಚಿದ್ಲಾ?”

“ನನಗೇನ್ ಗೊತ್ತು.”

“ನಿನ್ನ ಒಂದು ಸುಳ್ಳಿಂದ ಆ ಹುಡುಗಿ ಕತ್ತಲ ಕೋಣೇಲಿ ಕೂತಿದಾಳೆ. ಅದಾದ್ರೂ ಗೊತ್ತಾ?”

ಸೆಬಾಈಯ ಮುಖ ಬಿಳುಚಿತು. ವಗ್ದಿಗೆ ಅವನ ಮೇಲೆ ಅಸಹ್ಯ ಬಂತು. ಹಣಕ್ಕೋ ಹೆದರಿಕೆಗೋ ಬಾಯಿ ಮಾರಿಕೊಂಡವನೆಂದು ಅವನು ತೀರ್ಮಾನಿಸಿಯಾಗಿತ್ತು. ಮೊದಲ ಸಾಲು ಕೇಳಿದ ಕೂಡಲೇ ಒಳಗಿರುವವನು ಮಿತ್ವಲ್ಲಿಯಲ್ಲವೆಂದು ಈ ಮನುಷ್ಯನಿಗೆ ತಿಳಿದಿರಲೇಬೇಕು. ತಿಳಿದೂ ಪರರ ಕಥೆಯನ್ನು ಜನರಿಗೆ ಬಿಡಿಸಿ ಹೇಳಿದ್ದಾನೆ.

“ಶಹಾತ ನಿನಗೆ ಏನು ಕೊಟ್ಟ?”

ಆಗ ಸೆಬಾಈ ನಕ್ಕ. ಡೇರೆಯ ಮುಂದೆ ನಗುವ ನಗುವಲ್ಲ ಅದು. ಪಕ್ಕದ ಮೇಜಿನಲ್ಲಿ ಪಗಡೆಯಾಡುತ್ತಿದ್ದವರು ಕಾಯಿ ಹಿಡಿದು ಇತ್ತ ತಿರುಗಿದರು.

“ಶಹಾತನ್ನ ನೋಡಿ ಎಷ್ಟು ಕಾಲ ಆಯ್ತು ಪಾಷಾ? ಒಂದ್ಸಲ ಇಂಬಾಬಾಗೆ ಹೋಗ್ಬನ್ನಿ. ಗಂಟಲಲ್ಲಿ ಹುಣ್ಣಾಗಿ ಡಾಕ್ಟ್ರು ಇಲ್ಲಿ ತೂತು ಮಾಡಿದಾರೆ.” ಅವನು ಕತ್ತಿನ ಕುಳಿಯ ಮೇಲೆ ಬೆರಳಿಟ್ಟ. “ನೀರು ಬೇಕಾದ್ರೆ ಕೈಸನ್ನೆ ಮಾಡ್ತಾನೆ. ಅವನು ಅಮಾನಾ ಊದ್ತಾನಾ?”

ವಗ್ದಿ ಕಟ್ಟಿದ ಗೋಡೆಯೂ ಅಲ್ಲಿಗೆ ಕುಸಿಯಿತು. ಈ ಸಲ ಸದ್ದಾಗಲಿಲ್ಲ.

“ಅವನ ಶಿಷ್ಯರು ಯಾರು?”

ಸೆಬಾಈ ಬಾಗಿಲಿನ ಕಡೆ ನೋಡಿದ. ಅಲ್ಲಿಂದ ಬೀದಿಯ ತುದಿಯಲ್ಲಿ ಠಾಣೆಯ ಹಳದಿ ಗೋಡೆ ಕಾಣುತ್ತಿತ್ತು. ಇಷ್ಟು ದಿನ ಒತ್ತಿ ಹಿಡಿದದ್ದು ಆಮೇಲೆ ಸಣ್ಣ ದನಿಯಲ್ಲಿ, ಗೋಡೆಗೆ ಹೇಳುವಂತೆ ಹೊರಬಂತು.

“ಒಬ್ಬಳೇ. ನೀವು ಬಿಡಿಸೋಕೆ ಹೊರಟಿದೀರಲ್ಲ, ಅವಳು.”

ಹೆಣ್ಣುಮಗು ಬೊಂಬೆ ಎತ್ತುವುದು ಕಂಡರೆ ಮಿತ್ವಲ್ಲಿ ಕೋಲು ಹುಡುಕುತ್ತಿದ್ದನಂತೆ. ಇನ್ಶಿರಾಹ್ ಹೊಲಿಗೆ ಕಲಿಯುವ ನೆಪದಲ್ಲಿ ಇಂಬಾಬಾಗೆ ಹೋಗಿ, ಅಪ್ಪನ ವೈರಿಯ ಕಾಲಿಗೆ ಬಿದ್ದು ವಿದ್ಯೆ ಕಲಿತಳು. ಶಹಾತ ಹುಣ್ಣು ಹತ್ತಿ ಮಲಗುವ ಮುಂಚೆ ತನ್ನ ಸ್ವಂತ ಅಮಾನಾವನ್ನೇ ಅವಳಿಗೆ ಕೊಟ್ಟ. ಕಳೆದ ಚಳಿಗಾಲದಲ್ಲಿ ಮಿತ್ವಲ್ಲಿಯ ಕೈ ನಡುಗತೊಡಗಿತು. ಅರಗೋಜ ಜನರ ಮುಂದೆ ಜ್ವರ ಬಂದವನಂತೆ ಗಡಗಡ ಅಲುಗಿದ. ಯಾರೋ ಸಿಳ್ಳೆ ಹಾಕಿದರು. ಮುದುಕ ಆ ದಿನ ಊಟ ಮಾಡಲಿಲ್ಲ. ಮಾರನೆಯ ಆಟಕ್ಕೆ ಮಗಳು ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ನುಗ್ಗಿ ಬೊಂಬೆ ಎತ್ತಿದಳು. ಅಪ್ಪ ತಡೆಯಲಿಲ್ಲ. ಅವಳ ಕಾಲ ಬಳಿ ಬೊಂಬೆಯ ಚೀಲದ ಮೇಲೆ ಕೂತು, ಅಳುತ್ತಾ ಪೂರ್ತಿ ಆಟ ಕೇಳಿದ.

“ಆಮೇಲಿಂದ ಎಲ್ಲಾ ಉರುಸಿಗೂ ಹಾಗೇ. ಅವಳು ನಿಂತ್ಕೊಂಡು ಆಡ್ಸೋಳು, ಇವನು ಕೆಳಗೆ ಕೂತಿರೋನು. ಜನಕ್ಕೆ ಗೊತ್ತಾಗ್ಬಾರ್ದು ಅಂತ ನನ್ನ, ಲಬೀಬನ ಕೈಲಿ ಕುರಾನ್ ಮುಟ್ಟಿಸಿದ್ದ. ಮಗಳಿಗೆ ಒಂದೇ ಷರತ್ತು. ನನ್ನ ಡೇರೆಯಲ್ಲಿ ಅರಗೋಜ ಅಂದ್ರೆ ಕರಾಕೂಶ್. ಇನ್ನೊಂದು ಹೆಸರು ನಿನ್ನ ಬಾಯಲ್ಲಿ ಬಂದ್ರೆ ಆ ಗಳಿಗೇಲೇ ನನ್ನ ಮಗಳಲ್ಲ ಅಂದಿದ್ದ.”

“ಆ ಸಂಜೆ ಬಂತು.”

“ಬಂತು. ಮೊದಲು ಕಲಿತಿದ್ದು ನಾಲಿಗೆ ಬುಡದಲ್ಲೇ ಕೂತಿರುತ್ತಲ್ಲ. ಸುಸ್ತಾಗಿದ್ಲು, ಜಾರಿಬಿಡ್ತು. ನನ್ನ ಎದೆ ಧಸಕ್ಕಂತು. ಆದ್ರೆ ನಾನು ನಿಲ್ಸಿದ್ರೆ ಜನಕ್ಕೆ ಅನುಮಾನ ಬರುತ್ತೆ. ಅವಳು ಅಂದಿದ್ದನ್ನೇ ಅಂದೆ.” ಅವನು ಕಣ್ಣು ಮುಚ್ಚಿದ. “ಅವಳು ಮೊದಲಿಂದ ಒಳಗೇ ಇದ್ಲು ಅಂದ್ರೆ ನೇಣೇ ಗ್ಯಾರಂಟಿ ಅಂತ ಟೀ ಕಥೆ ಕಟ್ಟಿದೆ. ಅದೇ ಅವಳ ಕುತ್ತಿಗೆಗೆ ಬಂತು. ನೀವೀಗ ನಿಜಾನ ಬರ್ಕೊಂಡ್ರೆ ಅದೂ ಅವಳ ಕುತ್ತಿಗೆಗೇ ಬರುತ್ತೆ. ಯಾವ ಕಡೆ ಎಳೆದ್ರೂ ಹಗ್ಗ ಒಂದೇ. ನಾನೇನ್ ಮಾಡ್ಲಿ ಹೇಳಿ.”

ಅವಳನ್ನು ಬಿಡಿಸುವ ಕೀಲಿಕೈ ಎಂದು ವಗ್ದಿ ಬೆಳಗಿನಿಂದ ಅಂಗೈಯಲ್ಲಿ ಹಿಡಿದು ತಿರುಗಿದ್ದು, ಅವಳನ್ನು ಹೆಣದ ಪಕ್ಕ ನಿಲ್ಲಿಸುವ ಸಾಕ್ಷಿಯಾಗಿತ್ತು. ತನ್ನ ಜಾಣತನದ ಮೇಲೆಯೇ ಅವನಿಗೆ ಹೇಸಿಗೆಯಾಯಿತು.

ಅವನು ಎದ್ದಾಗ ಸೆಬಾಈ ತೋಳು ಹಿಡಿದು ನಿಲ್ಲಿಸಿದ. ಶಹಾತ ಕೊಟ್ಟ ಅಮಾನಾ ಅವಳ ಹತ್ತಿರ ಸಿಕ್ಕಿತೇ ಎಂದು ಕೇಳಿದ. ಸಿಕ್ಕಿಲ್ಲ, ಕಾವಲಿನ ಹೆಂಗಸು ಅವಳ ಬಟ್ಟೆ, ಕೂದಲು, ಚಪ್ಪಲಿಯ ಅಟ್ಟೆ ಎಲ್ಲ ಬಿಚ್ಚಿ ನೋಡಿದ್ದಾಳೆ ಎಂದ ವಗ್ದಿ. ಡೇರೆಯಲ್ಲಿದ್ದದ್ದು ಒಂದೇ, ಅದು ಮುದುಕನ ಗಂಟಲಲ್ಲಿ.

“ಹಾಗಾದ್ರೆ ಅದೆಲ್ಲಿ ಹೋಯ್ತು?” ಎಂದ ಸೆಬಾಈ.

ಬೀದಿಯ ಅರ್ಧಕ್ಕೆ ಬಂದಾಗ ವಗ್ದಿಗೆ ಉತ್ತರ ಹೊಳೆಯಿತು. ಹಿಡಿದು ತಂದ ದಿನದಿಂದ ಅವಳು ಮಾತಾಡಿಲ್ಲ. ಊಟ ಮುಟ್ಟಿಲ್ಲ. ಅವನು ನಡೆಯುವುದನ್ನು ಬಿಟ್ಟು ಓಡತೊಡಗಿದ. ಕತ್ತೆಗಾಡಿಯವನೊಬ್ಬ ಬೈದದ್ದೂ ಕಿವಿಗೆ ಬೀಳಲಿಲ್ಲ.

ಠಾಣೆಯ ಹೆಂಗಸರ ಕೋಣೆಯಲ್ಲಿ ಎತ್ತರದ ಕಿಟಕಿಯಿಂದ ಇಳಿಬಿಸಿಲು ಬಿದ್ದಿತ್ತು. ಇನ್ಶಿರಾಹ್ ಗೋಡೆಯ ಮೂಲೆಯಲ್ಲಿ ಮೊಣಕಾಲು ಮಡಚಿ, ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಕೆನ್ನೆಯ ಮೂಳೆಗಳು ಎದ್ದು ಕಾಣುತ್ತಿದ್ದವು. ಕಾವಲಿನ ಹೆಂಗಸನ್ನು ಹೊರಗೆ ಕಳಿಸಿ, ವಗ್ದಿ ಅವಳ ಎದುರು ನೆಲದ ಮೇಲೆ ಕೂತ.

ಏನು ಕೇಳಬೇಕೆಂದು ಅವನು ಮೆಟ್ಟಿಲು ಹತ್ತುವಾಗ ಯೋಚಿಸಿದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ಓಣಿಯ ಮಕ್ಕಳೆಲ್ಲ ಡೇರೆಯ ಮುಂದೆ ಕೂತು ಕೂಗುತ್ತಿದ್ದ ಪ್ರಶ್ನೆ.

“ಅರಗೋಜ, ಅರಗೋಜ, ನಿನಗೆ ಆ ಹೆಸರು ಹೇಗೆ ಬಂತೋ?”

ಇನ್ಶಿರಾಹ್ ಅವನನ್ನೇ ದಿಟ್ಟಿಸಿದಳು. ಕಣ್ಣಿನಿಂದ ನೀರು ಇಳಿದು ವಸ್ತ್ರಕ್ಕೆ ಸೇರಿತು. ತುಟಿ ಅಲುಗಿದ್ದು ಕಾಣಲಿಲ್ಲ. ಆ ಕತ್ತಲ ಮೂಲೆಯಿಂದ ಉರುಸಿನ ದನಿ ಬಂತು. ಚಿಕ್ಕಂದಿನಿಂದ ಅವನನ್ನು ನಗಿಸಿದ ಅದೇ ಕೀಚು ದನಿ.

“ಅಪ್ಪನ್ನ ಕೇಳು. ಅಪ್ಪ ಹೇಳಿದ್ದೇ ಹೆಸರು.”

ವಗ್ದಿಯ ಮೈ ನವಿರೆದ್ದಿತು. ಅವಳು ಬೆರಳು ಹಾಕಿ ನಾಲಿಗೆಯ ಬುಡದಿಂದ ಅಮಾನಾ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ದಾರ ರಕ್ತದಿಂದ ಕಪ್ಪಾಗಿತ್ತು. ತಗಡು ಕೊರೆದು ನಾಲಿಗೆ ಬಾತಿದ್ದರಿಂದ ಅವಳ ಸ್ವಂತ ಮಾತು ತೊದಲುತ್ತಿತ್ತು. ಇದು ಪೊಲೀಸರ ಕೈಗೆ ಸಿಕ್ಕಿದರೆ ಅಪ್ಪನ ಕೈ ನಡುಗುತ್ತಿತ್ತು ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು, ಅದಕ್ಕೇ ಬಚ್ಚಿಟ್ಟೆ ಎಂದಳು. ನೇಣಿನ ವಿಷಯ ಅವಳ ಮಾತಿನಲ್ಲಿ ಬರಲೇ ಇಲ್ಲ.

“ಆಟ ಶುರುವಾದಾಗ ಅಪ್ಪ ಇದ್ರಾ?” ವಗ್ದಿ ಕೇಳಿದ.

“ಇದ್ರು. ಹಿಂದಿನ ಪರದೆಗೆ ಬೆನ್ನು ಕೊಟ್ಟು ಚೀಲದ ಮೇಲೆ ಕೂತಿದ್ರು. ನನ್ನ ಎರಡೂ ಕೈ ಮೇಲಿತ್ತು. ಒಳಗಡೆ ಕತ್ತಲೆ, ಹೊರಗಡೆ ಜನ. ಬಾಯಿ ತಪ್ಪಿ ಕಪ್ಪು ಕಣ್ಣು ಅಂದುಬಿಟ್ಟೆ. ಜನ ನಕ್ರು. ಆಗ ಅಪ್ಪ ನನ್ನ ಕಾಲು ಹಿಡ್ಕೊಂಡ್ರು.”

ಅವಳು ಲಂಗದ ಅಂಚನ್ನು ಸ್ವಲ್ಪ ಎತ್ತಿದಳು. ಕಾಲಿನ ಹರಡಿನ ಮೇಲೆ ನಾಲ್ಕು ಉಗುರುಗಳು ಊರಿದ ಗಾಯ, ಒಣಗಿ ಹಕ್ಕಳೆ ಕಟ್ಟಿತ್ತು.

“ಹೆಸರು ತಪ್ಪಾಯ್ತು ಅಂತ ಕೋಪ ಅಂದ್ಕೊಂಡೆ. ಬಿಡಲಿಲ್ಲ, ಇನ್ನೂ ಗಟ್ಟಿಯಾಗಿ ಹಿಡಿದ್ರು, ಎಳೆದ್ರು. ಜನ ಕಾಯ್ತಿದಾರೆ, ಆಟ ಕೆಡುತ್ತೆ ಅಂತ…” ಅವಳು ಉಸಿರು ಎಳೆದುಕೊಂಡಳು. “ಕಾಲು ಒದರಿಬಿಟ್ಟೆ ಮಾವ. ಎರಡನೇ ಸಲಕ್ಕೆ ಕೈ ಬಿಟ್ರು. ಸದ್ಯ, ಕೋಪ ಇಳೀತು ಅಂದ್ಕೊಂಡು ಪೂರ್ತಿ ಆಟ ಆಡಿದೆ. ಆಮೇಲೂ ಬಗ್ಗಿ ಕ್ಷಮಿಸಿ ಅಂತಾನೇ ಹೇಳ್ತಿದ್ದೆ. ಹೇಳ್ತಾ ಹೇಳ್ತಾ ಮುಟ್ಟಿದೆ.”

ವಗ್ದಿ ಮುಖವನ್ನು ಕೈಗಳಲ್ಲಿ ಮುಚ್ಚಿಕೊಂಡ. ಅಳಲು ಇದು ಹೊತ್ತಲ್ಲವೆಂದು ತನಗೆ ತಾನೇ ಹೇಳಿಕೊಂಡು ಕೈ ತೆಗೆದ. ಹಿಂದಿನ ಪರದೆಯ ಆಚೆಯಿಂದ ಯಾರೋ ಮುದುಕನ ಬಾಯಿಮೂಗು ಅದುಮಿದ್ದಾರೆ, ಅವನು ಸತ್ತ ಮೇಲೆ ಅಮಾನಾವನ್ನು ಗಂಟಲಿಗೆ ದೂಡಿದ್ದಾರೆ. ಅಷ್ಟು ಹತ್ತಿರ, ಯಾರ ಕಣ್ಣಿಗೂ ಬೀಳದೆ.

“ಆ ಹೊತ್ತಿಗೆ ಬೇರೆ ಏನಾದ್ರೂ ಕೇಳಿಸ್ತಾ? ಯೋಚನೆ ಮಾಡಿ ಹೇಳಮ್ಮ.”

“ಏನೂ ಇಲ್ಲ.” ಅವಳು ಹುಬ್ಬು ಗಂಟಿಕ್ಕಿದಳು. “ಏನೂ ಕೇಳಿಸ್ಲಿಲ್ಲ. ಡೋಲು ಕೂಡ ಇರ್ಲಿಲ್ಲ. ನಾನು ಹೆಸರು ತಪ್ಪಿದ್ದಕ್ಕೆ ಲಬೀಬರೂ ಕೈ ನಿಲ್ಲಿಸಿದ್ರೇನೋ ಅಂತ ನಾಚ್ಕೆ ಆಯ್ತು.”

ಈಲಿಯ ಗಾಡಿಯ ಮುಂದೆ ಕೇಳಿಯೂ ಕೇಳದಂತೆ ಬಿಟ್ಟ ಮಾತು ವಗ್ದಿಯ ಕಿವಿಯಲ್ಲಿ ಎದ್ದು ನಿಂತಿತು. ಒಂದಷ್ಟು ಹೊತ್ತು ಡೋಲೇ ನಿಂತುಹೋಗಿತ್ತು. ಒಂದು ಗಳಿಗೆ ಕೈ ನಿಲ್ಲಿಸಿದರೆ ಯಜಮಾನರು ಬೈಯುತ್ತಿದ್ದರು ಎಂದಿದ್ದ ಲಬೀಬ್.

ಬಾಗಿಲು ತಟ್ಟಿದ ಸದ್ದಾಯಿತು. ಕಾವಲಿನ ಹೆಂಗಸು ತಲೆಯಷ್ಟನ್ನೇ ಒಳಗೆ ಹಾಕಿದಳು. ಲಬೀಬ್ ಡಬ್ಬಿ ಹಿಡಿದು ಅಲ್ಲೇ ಕಾಯುತ್ತಿದ್ದಾನೆ, ಹುಡುಗಿ ಇವತ್ತೂ ತಿನ್ನದಿದ್ದರೆ ಸತ್ತೇಹೋಗುತ್ತಾಳೆ, ನನ್ನ ಕೈಯಾರೆ ತಿನ್ನಿಸಿ ಹೋಗುತ್ತೇನೆ ಎನ್ನುತ್ತಿದ್ದಾನೆ, ಒಳಗೆ ಬಿಡಲೇ ಎಂದು ಕೇಳಿದಳು. ಅವಳ ಹಿಂದೆ, ಪಡಸಾಲೆಯ ಕತ್ತಲಲ್ಲಿ, ಡಬ್ಬಿಯ ಮುಚ್ಚಳದ ಮೇಲೆ ಬೆರಳುಗಳು ಬಾರಿಸುವ ಮೆಲುದನಿ ಕೇಳಿಸುತ್ತಿತ್ತು.

ವಗ್ದಿ ಇನ್ಶಿರಾಹ್‌ಳ ಕಡೆ ತಿರುಗಿದ. ಡೋಲು ಯಾಕೆ ನಿಂತಿತ್ತೆಂದು ಅವಳಿಗೂ ಈಗ ಅರ್ಥವಾಗಿತ್ತು. ಬಾಗಿಲಿನಿಂದ ಕಣ್ಣು ಕೀಳದೆ, ಅಪ್ಪನ ಅರಗೋಜನ ದನಿಯಲ್ಲೇ ಅವನನ್ನು ಎದುರುಗೊಳ್ಳಲು, ರಕ್ತ ಹತ್ತಿದ ಅಮಾನಾವನ್ನು ಅವಳು ಮತ್ತೆ ಬಾಯಿಗೆ ಹಾಕಿಕೊಂಡಳು.